ಪರದೇಶದ ನೆರವು: ಕೊಟ್ಟವರು, ಪಡೆದವರು

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದಳು’ ಎಂಬುದು ನಮ್ಮಲ್ಲಿ ಬಲು ಹಿಂದಿನಿಂದ ಬಂದ ಗಾದೆ. ಪುಕ್ಕಟೆ ಬಂದ ಬಟ್ಟೆಯ ಉದ್ದ ಅಳೆಯುವವಳನ್ನು ಕಂಡು ನಗುವುದಕ್ಕಾಗಿ ಹುಟ್ಟಿದ ಮಾತಿದು. ಆದರೆ ದಿನವೂ ಜಮಾ-ಖರ್ಚಿನ ಪುಸ್ತಕಗಳ ನಡುವೆ ಕಾಲ ಕಳೆಯುವ ನಮ್ಮಂಥವರಿಗೆ ಆ ಹೆಣ್ಣುಮಗಳು ಮಾಡಿದ್ದು ಅಂಥ ದೊಡ್ಡ ತಪ್ಪೆಂದು ತೋರುವುದಿಲ್ಲ. ದಟ್ಟಿ ಗಿಡ್ಡವಾದರೆ ಉಡಬೇಕಾದವಳು ಅವಳೇ ಅಲ್ಲವೆ?

ನಮ್ಮ ಸಂಘದ ಹಿರಿಯರು ನಾಲ್ವರು ಒಂದೆಡೆ ಕಲೆತರೆ ಊರ ಶಾಲೆಯ ಮಾತು ಬಾರದೆ ಹೋಗುವುದಿಲ್ಲ. ಶಾಲೆಯ ಮಾತು ಬಂದಮೇಲೆ ಹಳದಿ ರವೆಯ ಉಪ್ಪಿಟ್ಟಿನ ಮಾತೂ ಹಾಲಿನ ಪುಡಿಯ ಮಾತೂ ಬಂದೇ ಬರುತ್ತವೆ. ಕೇರ್ ಎಂಬ ಅಮೇರಿಕದ ಸಂಸ್ಥೆಯ ಮೂಲಕ ಬರುತ್ತಿದ್ದ ಆ ಉಪ್ಪಿಟ್ಟನ್ನು ಹೊಗಳುವವರೂ ಉಂಟು, ಮೂಗು ಮುರಿಯುವವರೂ ಉಂಟು. ಆದರೆ ಅದನ್ನು ಕಳುಹಿಸಿದವರಾರು, ಏತಕ್ಕಾಗಿ ಕಳುಹಿಸಿದರು, ಅದು ಯಾರ ಖಾತೆಯಲ್ಲಿ ಖರ್ಚಾಯಿತು ಎಂದು ವಿಚಾರಿಸಿದವರು ವಿರಳ. ಒಂದು ದೇಶ ಮತ್ತೊಂದಕ್ಕೆ ನೆರವಾಗುವ ಈ ವ್ಯವಹಾರದ ಚರಿತ್ರೆಯನ್ನು ಸಂಕ್ಷೇಪವಾಗಿ ಓದುಗರ ಮುಂದಿಡುವುದೇ ನಮ್ಮ ಉದ್ದೇಶ. ರಾಜ್ಯೋತ್ಸವದ ಸಂಚಿಕೆಗೆ ಈ ವಿಷಯವೇಕೆಂದು ಕೇಳುವವರಿಗೆ ಕೊನೆಯಲ್ಲಿ ಉತ್ತರ ಹೇಳುವೆವು.

ರಾಜರು ರಾಜರಿಗೆ ಹಣವನ್ನೂ ಸೈನ್ಯವನ್ನೂ ಕೊಟ್ಟ ಕಥೆಗಳು ಹಳೆಯವು. ಆದರೆ ಮತ್ತೊಂದು ದೇಶದ ಬಡತನ ನೀಗಲೆಂದು ವರ್ಷ ವರ್ಷವೂ ಬೊಕ್ಕಸದಿಂದ ಹಣ ತೆಗೆದಿರಿಸುವ ಪರಿಪಾಠ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಎರಡನೆಯ ಮಹಾಯುದ್ಧದ ತರುವಾಯ. ೧೯೪೪ರ ಜುಲೈಯಲ್ಲಿ ಅಮೇರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ ೪೪ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ವಿಶ್ವ ಬ್ಯಾಂಕಿಗೂ ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ತಳಹದಿ ಹಾಕಿದರು. ವಿಶ್ವ ಬ್ಯಾಂಕಿನ ಮೊದಲ ಸಾಲ ಏಶಿಯದ ಅಥವಾ ಆಫ್ರಿಕದ ಬಡ ದೇಶಕ್ಕೆ ಹೋದುದಲ್ಲ. ೧೯೪೭ರ ಮೇ ತಿಂಗಳಲ್ಲಿ ಫ್ರಾನ್ಸಿಗೆ ಹೋಯಿತು, ಮೊತ್ತ ೨೫ ಕೋಟಿ ಡಾಲರು. ಇಂದು ಕೊಡುವವರೆಂದು ಹೆಸರಾದ ದೇಶಗಳು ಅಂದು ಕೈಯೊಡ್ಡಿ ನಿಂತಿದ್ದವು ಎಂಬುದನ್ನು ನಾವು ಮೊದಲು ನೆನಪಿಡಬೇಕು.

ಅದೇ ವರ್ಷದ ಜೂನ್ ೫ರಂದು ಅಮೇರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಿಂದ ಮಾರ್ಷಲ್ ಯೋಜನೆ ಹುಟ್ಟಿತು. ೧೯೪೮ರಿಂದ ನಾಲ್ಕು ವರ್ಷಗಳಲ್ಲಿ ಪಶ್ಚಿಮ ಯೂರೋಪಿಗೆ ಸುಮಾರು ೧,೩೦೦ ಕೋಟಿ ಡಾಲರು ಸಂದಿತು. ಅದರಲ್ಲಿ ಬಹುಪಾಲು ಸಾಲವಲ್ಲ, ದಾನ. ಇದು ಶುದ್ಧ ಪರೋಪಕಾರವೆಂದು ತಿಳಿಯಬೇಕಾಗಿಲ್ಲ. ಹಸಿದ ಯೂರೋಪು ಕಮ್ಯೂನಿಸ್ಟರ ಕಡೆಗೆ ವಾಲೀತೆಂಬ ಭಯವೂ, ತನ್ನ ಸರಕಿಗೆ ಕೊಳ್ಳುವವರು ಇಲ್ಲದಂತಾದೀತೆಂಬ ಚಿಂತೆಯೂ ಅಮೇರಿಕಕ್ಕಿತ್ತು. ರಶಿಯ ಇದರಲ್ಲಿ ಸೇರಲೊಪ್ಪಲಿಲ್ಲ. ತನ್ನ ನೆರಳಿನಲ್ಲಿದ್ದ ಪೂರ್ವ ಯೂರೋಪಿನ ದೇಶಗಳನ್ನೂ ಸೇರಗೊಡಲಿಲ್ಲ.

ಲೆಕ್ಕ ಬರೆಯುವವರ ಗಮನ ಸೆಳೆಯುವ ಒಂದು ಏರ್ಪಾಟು ಈ ಯೋಜನೆಯಲ್ಲಿತ್ತು. ಅಮೇರಿಕದಿಂದ ಹತ್ತಿ ಬಂದಿತೆನ್ನಿ. ಜರ್ಮನಿಯ ಗಿರಣಿಯ ಮಾಲೀಕ ಅದಕ್ಕೆ ಡಾಲರು ತೆರಬೇಕಾಗಿರಲಿಲ್ಲ. ಆದರೆ ತನ್ನ ದೇಶದ ನಾಣ್ಯವಾದ ಮಾರ್ಕಿನಲ್ಲಿ ಬೆಲೆ ಕಟ್ಟಬೇಕಾಗಿತ್ತು. ಆ ಹಣ ಬೇರೊಂದು ಖಾತೆಗೆ ಜಮೆಯಾಗಿ, ಅಲ್ಲಿಂದ ಪುನರ್ನಿರ್ಮಾಣದ ಕೆಲಸಕ್ಕೆ ಹೊರಡುತ್ತಿತ್ತು. ಜರ್ಮನಿ ಅದನ್ನು ೧೯೪೮ರಲ್ಲಿ ಸ್ಥಾಪಿಸಿದ ಪುನರ್ನಿರ್ಮಾಣ ಬ್ಯಾಂಕಿನ ಮೂಲಕ ಉದ್ಯಮಗಳಿಗೆ ಸಾಲವಾಗಿ ಕೊಟ್ಟಿತು. ಸಾಲ ಮರಳಿ ಬಂದಂತೆ ಮತ್ತೊಬ್ಬರಿಗೆ ಕೊಟ್ಟಿತು. ಆ ಮೂಲನಿಧಿ ಇಂದಿಗೂ ಬದುಕಿದೆ. ಒಮ್ಮೆ ಬಂದ ಹತ್ತಿ ಒಮ್ಮೆಯೇ ನೂಲಾಗಿ ಮುಗಿಯಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ೧೯೫೩ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಆದ ಕರಾರಿನಂತೆ ಪಶ್ಚಿಮ ಜರ್ಮನಿಯ ಹಳೆಯ ಸಾಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಸಾಲಿಗರು ಬಿಟ್ಟುಕೊಟ್ಟರು. ಉಳಿದುದನ್ನು ದೀರ್ಘಕಾಲದ ಕಂತುಗಳಲ್ಲಿ ಕಟ್ಟುವಂತೆ ಮಾಡಿದರು. ಯುದ್ಧದಲ್ಲಿ ಜರ್ಮನಿಯಿಂದಲೇ ನಲುಗಿದ ಗ್ರೀಸ್ ದೇಶವೂ ಬಿಟ್ಟುಕೊಟ್ಟವರಲ್ಲಿ ಸೇರಿತ್ತು. ಸಾಲಗಾರ ಬದುಕಿದರೆ ತಾನೆ ಸಾಲ ತೀರುವುದು! ಈ ವಿವೇಕವನ್ನು ಮುಂದೆ ಆಫ್ರಿಕದ ಬಡ ದೇಶಗಳ ವಿಷಯದಲ್ಲಿ ತೋರಿಸಲು ಲೋಕಕ್ಕೆ ೧೯೯೬ರವರೆಗೆ ಕಾಲ ಹಿಡಿಯಿತು.

ಏಶಿಯದಲ್ಲಿ ಜಪಾನಿನ ಕಥೆ ಇದಕ್ಕೆ ಜೊತೆಯಾಗಿ ನಿಲ್ಲುವಂಥದು. ೧೯೫೩ರಿಂದ ೧೯೬೬ರವರೆಗೆ ಜಪಾನು ವಿಶ್ವ ಬ್ಯಾಂಕಿನಿಂದ ೩೧ ಸಾಲಗಳನ್ನೆತ್ತಿತು. ಟೋಕಿಯೋದಿಂದ ಒಸಾಕದ ಕಡೆಗೆ ಓಡುವ ಜಗತ್ಪ್ರಸಿದ್ಧ ಶಿಂಕಾನ್ಸೆನ್ ರೈಲಿಗೂ ೧೯೬೧ರಲ್ಲಿ ೮ ಕೋಟಿ ಡಾಲರಿನ ಸಾಲವೇ ಆಧಾರಗಳಲ್ಲೊಂದಾಯಿತು. ೧೯೬೪ರ ಅಕ್ಟೋಬರ್ ೧ರಂದು ರೈಲು ಓಡಿತು. ೧೯೯೦ರಲ್ಲಿ ವಿಶ್ವ ಬ್ಯಾಂಕಿನ ಕೊನೆಯ ಕಂತೂ ಸಂದಾಯವಾಯಿತು. ಆ ವೇಳೆಗೆ ಜಪಾನು ತಾನೇ ದೊಡ್ಡ ದಾನಿಯಾಗಿತ್ತು. ದಿಲ್ಲಿಯ ಬಂಧುಗಳು ಏರಿ ಇಳಿಯುವ ಮೆಟ್ರೋ ರೈಲಿಗೆ ಜಪಾನಿನ ಸಾಲ. ಬೆಂಗಳೂರಿನ ನಲ್ಲಿಗಳಿಗೆ ಕಾವೇರಿಯನ್ನು ತಂದ ನಾಲ್ಕನೆಯ ಹಂತದ ಯೋಜನೆಗೆ ಜಪಾನಿನ ಸಾಲ. ೨೦೧೭ರಲ್ಲಿ ಅಡಿಗಲ್ಲು ಬಿದ್ದ ಮುಂಬಯಿ-ಅಹಮದಾಬಾದು ವೇಗದ ರೈಲಿಗೂ ಶೇಕಡ ೦.೧ ಬಡ್ಡಿಯಲ್ಲಿ ೫೦ ವರ್ಷಗಳ ಅವಧಿಗೆ ಜಪಾನಿನದೇ ಸಾಲ. ಸಾಲ ತಂದು ರೈಲು ಹಾಕಿದವನೇ ರೈಲಿಗೆ ಸಾಲ ಕೊಡುವವನಾದ.

ಇನ್ನು ನಮ್ಮ ದೇಶದ ಮಾತು. ೧೯೪೯ರ ಜನವರಿಯಲ್ಲಿ ಅಮೇರಿಕದ ಅಧ್ಯಕ್ಷ ಟ್ರೂಮನ್ನರು ಹಿಂದುಳಿದ ದೇಶಗಳಿಗೆ ತಾಂತ್ರಿಕ ಜ್ಞಾನವನ್ನು ಒದಗಿಸುವ ಸಂಕಲ್ಪವನ್ನು ಸಾರಿದರು. ಮರುವರ್ಷ ಕಾಮನ್‌ವೆಲ್ತ್ ದೇಶಗಳ ಮಂತ್ರಿಗಳು ಸಿಂಹಳದ ಕೊಲಂಬೋದಲ್ಲಿ ಕೂಡಿ ಕೊಲಂಬೋ ಯೋಜನೆಗೆ ನಾಂದಿ ಹಾಡಿದರು. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಈ ಯೋಜನೆಯಲ್ಲಿ ನ್ಯೂಜಿಲೆಂಡ್ ಕೊಟ್ಟ ದ್ರವ್ಯಸಹಾಯದಿಂದ ಮೇಲೆದ್ದಿತೆಂಬುದು ಅಲ್ಲಿ ಚಿಕಿತ್ಸೆ ಪಡೆದ ಎಷ್ಟು ಮಂದಿಗೆ ಗೊತ್ತು?

ಅಮೇರಿಕ ಮತ್ತು ರಶಿಯಗಳ ಪೈಪೋಟಿ ನಮಗೆ ಒಂದು ಬಗೆಯಲ್ಲಿ ಅನುಕೂಲವೇ ಆಯಿತು. ೧೯೫೫ರಲ್ಲಿ ರಶಿಯ ಭಿಲಾಯಿಯ ಉಕ್ಕಿನ ಕಾರ್ಖಾನೆಗೆ ಶೇಕಡ ೨.೫ ಬಡ್ಡಿಯ ಸಾಲ ಕೊಡಲೊಪ್ಪಿತು. ರೂರ್ಕೆಲಕ್ಕೆ ಜರ್ಮನರು, ದುರ್ಗಾಪುರಕ್ಕೆ ಇಂಗ್ಲಿಷರು ನೆರವಾದರು. ಬೊಕಾರೋ ಕಾರ್ಖಾನೆ ಸರಕಾರದ ಒಡೆತನದ್ದೆಂಬ ಕಾರಣದಿಂದ ಅಮೇರಿಕದ ಕಾಂಗ್ರೆಸ್ಸಿನಲ್ಲಿ ವಿರೋಧ ಹುಟ್ಟಿ, ೧೯೬೩ರಲ್ಲಿ ಭಾರತವೇ ತನ್ನ ಕೋರಿಕೆಯನ್ನು ಹಿಂತೆಗೆದುಕೊಂಡಿತು. ರಶಿಯ ಆ ಜಾಗಕ್ಕೆ ಬಂದಿತು. ವಿದ್ಯೆಯಲ್ಲೂ ಇದೇ ರೀತಿ. ಮುಂಬಯಿಯ ಐ.ಐ.ಟಿ.ಗೆ ಯುನೆಸ್ಕೋ ಮೂಲಕ ರಶಿಯ, ಮದ್ರಾಸಿನದಕ್ಕೆ ಪಶ್ಚಿಮ ಜರ್ಮನಿ, ಕಾನ್ಪುರದ್ದಕ್ಕೆ ಅಮೇರಿಕ, ದಿಲ್ಲಿಯದಕ್ಕೆ ಬ್ರಿಟನ್ ಕೈನೀಡಿದವು. ಬೆಂಗಳೂರಿನಲ್ಲಿ ೧೯೬೪ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಅಮೇರಿಕದ ಟೆನೆಸೀ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ನೆರವಾದರು. ಆ ವಿದೇಶೀ ಗುರುಗಳು ಮರಳಿ ಹೋದರೂ ಸಂಸ್ಥೆಗಳು ಉಳಿದವು. ನಮ್ಮ ಮಕ್ಕಳು ಅವುಗಳ ಬಾಗಿಲು ತಟ್ಟಲೆಂದು ಇಂದಿಗೂ ರಾತ್ರಿಯೆಲ್ಲ ಓದುತ್ತಾರೆ.

ಎಲ್ಲ ನೆರವೂ ಹೀಗೆ ಗೌರವದಿಂದ ಬರಲಿಲ್ಲ. ಅಮೇರಿಕವು ೧೯೫೪ರಲ್ಲಿ ಮಾಡಿದ ಪಿ.ಎಲ್. ೪೮೦ ಎಂಬ ಕಾನೂನಿನಂತೆ ತನ್ನಲ್ಲಿ ಹೆಚ್ಚಾಗಿ ಬೆಳೆದ ಧಾನ್ಯವನ್ನು ಪರದೇಶಗಳಿಗೆ ಸಾಗಿಸತೊಡಗಿತು. ೧೯೫೬ರ ಆಗಸ್ಟಿನಲ್ಲಿ ಭಾರತ ಈ ಏರ್ಪಾಟಿಗೆ ಸೇರಿತು. ಅನುಕೂಲವೆಂದರೆ ಬೆಲೆಯನ್ನು ಡಾಲರಿನಲ್ಲಿ ಕೊಡದೆ ರೂಪಾಯಿಯಲ್ಲಿ ಕೊಡಬಹುದಾಗಿತ್ತು. ಅಗ್ಗದ ಗೋಧಿ ಹಡಗಿನಲ್ಲಿ ಬರುತ್ತಿರಲು ನಮ್ಮ ಹೊಲಗಳ ಕಡೆ ಸರಕಾರದ ಗಮನ ಸಾಕಷ್ಟು ಹರಿಯಲಿಲ್ಲವೆಂದು ಅನೇಕ ಅರ್ಥಶಾಸ್ತ್ರಜ್ಞರು ಟೀಕಿಸಿರುವರು. ಅನಂತರ ೧೯೬೫ರಲ್ಲೂ ೧೯೬೬ರಲ್ಲೂ ಮಳೆ ಕೈಕೊಟ್ಟಿತು. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಶಾಸ್ತ್ರಿಯವರು ಕೈಮುಗಿದು ಬೇಡಿದ ದಿನಗಳವು. ೧೯೬೬ರೊಂದರಲ್ಲೇ ಸುಮಾರು ಒಂದು ಕೋಟಿ ಟನ್ನು ಧಾನ್ಯ ಹೊರಗಿನಿಂದ ಬಂದಿತು. ಅಮೇರಿಕದ ಅಧ್ಯಕ್ಷ ಜಾನ್ಸನ್ನರು ದೀರ್ಘಾವಧಿಯ ಕರಾರಿಗೆ ಒಪ್ಪದೆ ಸ್ವಲ್ಪ ಸ್ವಲ್ಪವಾಗಿ ಧಾನ್ಯ ಬಿಡುವ ಕ್ರಮವನ್ನು ಕೈಕೊಂಡರು. ಭಾರತ ಬೇಸಾಯವನ್ನು ಸುಧಾರಿಸಲೆಂಬುದು ಒಂದು ಕಾರಣ; ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಮತ್ತೊಂದು. ಹಡಗು ಬಂದರೆ ಗಂಜಿ, ಬಾರದಿದ್ದರೆ ಇಲ್ಲ ಎಂಬ ಆ ಕಾಲದ ಅವಮಾನವನ್ನು ಹಿರಿಯರು ಮರೆತಿಲ್ಲ.

ಗೋಧಿಯೇನೋ ನೆರವಿನ ರೂಪದಲ್ಲಿ ಬಂದಿತು. ಆದರೆ ಬಿತ್ತನೆಯ ಗೋಧಿಯ ಹಿಂದೆಯೂ ಪರದೇಶದ ನೆರವೇ ಇತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ಬೆಳೆಸಿದ ಗಿಡ್ಡ ತಳಿಯ ಬೀಜವನ್ನು ೧೯೬೬ರಲ್ಲಿ ಭಾರತ ಸ್ವಂತ ಹಣ ಕೊಟ್ಟು ೧೮,೦೦೦ ಟನ್ನಿನಷ್ಟು ತರಿಸಿತು. ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ ಅವರ ಛಲ, ನಮ್ಮ ವಿಜ್ಞಾನಿಗಳ ಶ್ರಮ, ಪಂಜಾಬಿನ ರೈತರ ದುಡಿಮೆ ಇವು ಕೂಡಿದಾಗ ಕೆಲವೇ ವರ್ಷಗಳಲ್ಲಿ ಬೇಡುವ ಕಷ್ಟ ಬಹುಮಟ್ಟಿಗೆ ತಪ್ಪಿತು. ಮೊದಲನೆಯ ಗೋಧಿ ತಿಂದು ಮುಗಿಯಿತು, ಎರಡನೆಯದು ಮೊಳೆಯಿತು.

ಪಿ.ಎಲ್. ೪೮೦ರ ರೂಪಾಯಿಗಳೇನಾದವು? ಅವು ಅಮೇರಿಕದ ಹೆಸರಿನಲ್ಲಿ ಭಾರತದಲ್ಲೇ ಗುಡ್ಡೆ ಬಿದ್ದವು. ಎಲ್ಲವನ್ನೂ ಒಮ್ಮೆಗೆ ಖರ್ಚು ಮಾಡಿದರೆ ಪೇಟೆಯ ಬೆಲೆಗಳು ಏರಿಹೋಗುತ್ತಿದ್ದವು. ಊರಾಚೆ ಒಯ್ಯುವಂತೆಯೂ ಇರಲಿಲ್ಲ. ಕೊನೆಗೆ ೧೯೭೪ರ ಫೆಬ್ರುವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು ೧,೬೬೪ ಕೋಟಿ ರೂಪಾಯಿಗಳ ಒಂದೇ ಚೆಕ್ಕನ್ನು ಭಾರತ ಸರಕಾರಕ್ಕೆ ಬರೆದುಕೊಟ್ಟು ಲೆಕ್ಕ ಚುಕ್ತಾ ಮಾಡಿದರು. ಆವರೆಗೆ ಬರೆದ ಚೆಕ್ಕುಗಳಲ್ಲೆಲ್ಲ ಅದೇ ದೊಡ್ಡದೆಂದು ದಾಖಲಾಯಿತು. ದಿನವೂ ಚೆಕ್ಕುಗಳ ಮೇಲಿನ ಸೊನ್ನೆಗಳನ್ನು ಎರಡೆರಡು ಸಲ ಎಣಿಸುವ ನಮಗೆ ಆ ಚೆಕ್ಕನ್ನು ಪಾಸು ಮಾಡಿದ ಗುಮಾಸ್ತನ ಮುಖ ನೋಡಬೇಕೆನಿಸುತ್ತದೆ. ಹಣದ ಒಂದು ಮೂಟೆಯೂ ಕದಲಲಿಲ್ಲ. ಒಂದು ಪುಟದ ಅಂಕಿ ಮತ್ತೊಂದು ಪುಟಕ್ಕೆ ಹೋಯಿತು, ಅಷ್ಟೆ. ಆದರೆ ಆ ಅಂಕಿಯ ಹಿಂದೆ ಹದಿನೈದು ವರ್ಷಗಳ ಕಾಲ ಸಾಲಿನಲ್ಲಿ ಚೀಲ ಹಿಡಿದು ನಿಂತ ಜನರಿದ್ದರು.

ಇದಕ್ಕೆ ಎದುರಾಗಿ ಹಾಲಿನ ಕಥೆಯನ್ನು ನೋಡಬೇಕು. ೧೯೭೦ರಲ್ಲಿ ಯೂರೋಪಿನ ದೇಶಗಳಲ್ಲಿ ಹಾಲಿನ ಪುಡಿಯೂ ಬೆಣ್ಣೆಯೂ ಬೆಟ್ಟದಷ್ಟು ಉಳಿದಿದ್ದವು. ಅವನ್ನು ಉಡುಗೊರೆಯಾಗಿ ಪಡೆದ ವರ್ಗೀಸ್ ಕುರಿಯನ್ನರ ಹೈನು ಮಂಡಲಿ ಮನೆಮನೆಗೆ ಹಂಚಲಿಲ್ಲ. ಹಂಚಿದ್ದರೆ ನಮ್ಮ ರೈತನ ಹಾಲನ್ನು ಕೇಳುವವರಿರುತ್ತಿರಲಿಲ್ಲ. ಪುಡಿಯನ್ನು ಕಲಸಿ ಮುಂಬಯಿ, ದಿಲ್ಲಿ, ಕಲ್ಕತ್ತ, ಮದ್ರಾಸು ನಗರಗಳಲ್ಲಿ ಬೆಲೆಗೆ ಮಾರಿ, ಬಂದ ಹಣದಿಂದ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನೂ ಹಾಲು ತಂಪಿಡುವ ಕೇಂದ್ರಗಳನ್ನೂ ಕಟ್ಟಿದರು. ಕರ್ನಾಟಕದಲ್ಲಿಯೂ ೧೯೭೪ರಿಂದ ವಿಶ್ವ ಬ್ಯಾಂಕಿನ ಸಾಲದಿಂದ ಹಳ್ಳಿಯ ಹಾಲಿನ ಸಂಘಗಳು ಏಳತೊಡಗಿದವು. ನಾಡಿನ ಹೊರಗಿರುವ ನಮ್ಮಲ್ಲಿ ಹಲವರ ಮನೆಗೆ ಇಂದು ಬೆಳಿಗ್ಗೆ ಬರುವ ನಂದಿನಿ ಹಾಲಿನ ಬೇರು ಅಲ್ಲಿದೆ. ಪರರ ಪುಡಿಯನ್ನು ಮೂಲಧನ ಮಾಡಿಕೊಂಡದ್ದರಲ್ಲಿಯೇ ಇಲ್ಲಿನ ಜಾಣತನ. ಮಾರ್ಷಲ್ ಯೋಜನೆಯ ಹತ್ತಿಯೂ ಇದನ್ನೇ ಮಾಡಿತ್ತು.

ಆಫ್ರಿಕದಲ್ಲಿ ಫಲ ಬೇರೆಯಾಯಿತು. ಘಾನಾ ದೇಶದ ಎನ್‌ಕ್ರೂಮಾ ಅವರು ವೋಲ್ಟಾ ನದಿಗೆ ಅಕೊಸೊಂಬೋ ಎಂಬಲ್ಲಿ ಅಣೆಕಟ್ಟು ಕಟ್ಟಿಸಿದರು. ಅದಕ್ಕೆ ವಿಶ್ವ ಬ್ಯಾಂಕು, ಅಮೇರಿಕ, ಬ್ರಿಟನ್ ಸಾಲ ಕೊಟ್ಟವು. ೧೯೬೬ರ ಜನವರಿಯಲ್ಲಿ ಉದ್ಘಾಟನೆ. ಮುಂದಿನ ತಿಂಗಳೇ ಎನ್‌ಕ್ರೂಮಾ ಪದಚ್ಯುತರಾದರು. ವಿದ್ಯುತ್ತಿನ ಬಹುಪಾಲು ಅಮೇರಿಕದ ಕಂಪನಿಯ ಅಲ್ಯೂಮಿನಿಯಂ ಕಾರ್ಖಾನೆಗೆ ಕಡಿಮೆ ದರದಲ್ಲಿ ಹೋಯಿತು. ಆ ಕಾರ್ಖಾನೆಯೋ ಘಾನಾದ ಅದಿರನ್ನು ಬಿಟ್ಟು ಹೊರಗಿನಿಂದ ಕಚ್ಚಾ ಸರಕು ತರಿಸಿತು. ಸುಮಾರು ೮೦,೦೦೦ ಜನ ಮನೆಮಠ ಕಳೆದುಕೊಂಡರು. ದೂರದ ಕಥೆಯೆಂದು ನಿಟ್ಟುಸಿರು ಬಿಡುವ ಮುನ್ನ ನಮ್ಮ ಶರಾವತಿಯನ್ನು ನೆನೆಯೋಣ. ೧೯೬೫ರ ಜನವರಿಯಲ್ಲಿ ಶಾಸ್ತ್ರಿಯವರು ಉದ್ಘಾಟಿಸಿದ ಆ ಯೋಜನೆಗೂ ಅಮೇರಿಕದ ನೆರವಿತ್ತು. ನಾಡಿಗೆಲ್ಲ ಬೆಳಕಾಯಿತು, ಲಿಂಗನಮಕ್ಕಿಯ ನೀರಿನಲ್ಲಿ ಹೊಲ ಮನೆ ಮುಳುಗಿಸಿಕೊಂಡು ಎದ್ದುಬಂದ ಮಲೆನಾಡಿನ ಕುಟುಂಬಗಳಲ್ಲಿ ಅನೇಕರು ತಾವಿರುವ ಭೂಮಿಯ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷ ಅಲೆದರು. ಕೊಟ್ಟ ದೇಶದ ಪುಸ್ತಕದಲ್ಲೂ ಪಡೆದ ಸರಕಾರದ ಪುಸ್ತಕದಲ್ಲೂ ಈ ಖರ್ಚನ್ನು ಬರೆಯುವ ಕಲಂ ಇರಲಿಲ್ಲ.

ತಾಂಜಾನಿಯ ಮತ್ತು ಜಾಂಬಿಯ ದೇಶಗಳು ಕೇಳಿದ ರೈಲುಮಾರ್ಗ ಲಾಭದಾಯಕವಲ್ಲವೆಂದು ಪಶ್ಚಿಮದವರು ಕೈಬಿಟ್ಟಾಗ ಚೀನ ಬಡ್ಡಿಯಿಲ್ಲದ ಸಾಲ ಕೊಟ್ಟು ೧೯೭೦ರಿಂದ ೧೯೭೫ರೊಳಗೆ ೧,೮೬೦ ಕಿಲೋಮೀಟರಿನ ದಾರಿ ಹಾಕಿಸಿತು. ಕಟ್ಟಿದ್ದು ಸಾಹಸವೇ, ಆದರೆ ದುರಸ್ತಿ, ಬಿಡಿಭಾಗ, ಆಡಳಿತಗಳ ಕೊರತೆಯಿಂದ ಮುಂದೆ ಸರಕು ಸಾಗಣೆ ಸೊರಗಿತು. ಜಾಯಿರ್ ದೇಶದ ಕಥೆಯಂತೂ ಬ್ಯಾಂಕಿನವರೆಲ್ಲ ಕಲಿಯಬೇಕಾದ ಪಾಠ. ೧೯೭೮ರಲ್ಲಿ ಅಲ್ಲಿಯ ಕೇಂದ್ರ ಬ್ಯಾಂಕಿಗೆ ಹಣಕಾಸು ನಿಧಿಯ ಪರವಾಗಿ ಹೋದ ಎರ್ವಿನ್ ಬ್ಲೂಮೆಂಥಾಲ್ ಎಂಬ ಜರ್ಮನ್ ಅಧಿಕಾರಿ, ಮೊಬುಟು ಮತ್ತವರ ಬಳಗ ದೇಶದ ಹಣವನ್ನು ತಮ್ಮದೆಂಬಂತೆ ಬಳಸುವುದನ್ನು ಕಂಡು, ಸಾಲಿಗರಿಗೆ ಹಣ ಮರಳುವ ಆಸೆಯೇ ಇಲ್ಲವೆಂದು ೧೯೮೨ರಲ್ಲಿ ಬರೆದು ತಿಳಿಸಿದರು. ಆದರೂ ಸಾಲ ನಿಲ್ಲಲಿಲ್ಲ. ಮೊಬುಟು ಪಶ್ಚಿಮದ ಪಕ್ಷದವರಲ್ಲವೆ! ೧೯೯೭ರಲ್ಲಿ ಆತ ಓಡಿಹೋದರು. ಸಾಲ ಪ್ರಜೆಗಳ ತಲೆಯ ಮೇಲುಳಿಯಿತು.

ಲ್ಯಾಟಿನ್ ಅಮೇರಿಕದಲ್ಲಿ ಕೆನಡಿಯವರು ೧೯೬೧ರಲ್ಲಿ ಪ್ರಗತಿಯ ಮೈತ್ರಿ ಎಂಬ ಯೋಜನೆಯನ್ನು ಸಾರಿದರು. ಹತ್ತು ವರ್ಷಗಳಲ್ಲಿ ೨,೦೦೦ ಕೋಟಿ ಡಾಲರಿನ ಮಾತಾಯಿತು. ಜೊತೆಗೆ ಭೂಸುಧಾರಣೆಯೂ ನ್ಯಾಯವಾದ ತೆರಿಗೆಯೂ ಆಗಬೇಕಿತ್ತು. ಶಾಲೆ, ನೀರು, ಮನೆಗಳು ಕೆಲಮಟ್ಟಿಗೆ ಆದವು; ಆದರೆ ಭೂಮಿಯುಳ್ಳವರೇ ಆಳುವವರಾಗಿದ್ದ ಕಡೆ ಭೂಸುಧಾರಣೆ ಕಾಗದದಲ್ಲುಳಿಯಿತು. ದಕ್ಷಿಣ ಕೊರಿಯದಲ್ಲಿ ಹಾಗಲ್ಲ. ಅಲ್ಲಿ ಭೂಮಿ ಮೊದಲೇ ಉಳುವವನ ಕೈಸೇರಿತ್ತು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅಮೇರಿಕದ ಧಾನ್ಯ ತಿಂದು ಬದುಕಿದ ಆ ದೇಶ ೨೦೧೦ರಲ್ಲಿ ದಾನಿ ರಾಷ್ಟ್ರಗಳ ಸಮಿತಿಯ ಸದಸ್ಯನಾಯಿತು.

ಭಾರತವೂ ಬಹು ಹಿಂದೆಯೇ ಕೊಡುವ ಕೈಯಾಗಿತ್ತೆಂಬುದು ನಮಗೆ ಅಭಿಮಾನದ ವಿಷಯ. ಭೂತಾನದ ಮೊದಲ ಪಂಚವಾರ್ಷಿಕ ಯೋಜನೆ ೧೯೬೧ರಲ್ಲಿ ಭಾರತದ ಹಣದಿಂದಲೇ ನಡೆಯಿತು. ೧೯೬೪ರಿಂದ ಐಟೆಕ್ ಕಾರ್ಯಕ್ರಮದಲ್ಲಿ ಪರದೇಶದವರು ಇಲ್ಲಿಗೆ ತರಬೇತಿಗೆ ಬರತೊಡಗಿದರು. ೨೦೨೨ರಲ್ಲಿ ಶ್ರೀಲಂಕೆ ದಿವಾಳಿಯ ಅಂಚಿಗೆ ಬಂದಾಗ ಸುಮಾರು ೪೦೦ ಕೋಟಿ ಡಾಲರಿನ ಆಸರೆ ನಮ್ಮಿಂದ ಸಂದಿತು. ಇತ್ತ ಸಿರಿವಂತ ದೇಶಗಳು ರಾಷ್ಟ್ರೀಯ ಆದಾಯದ ಶೇಕಡ ೦.೭ರಷ್ಟನ್ನು ನೆರವಿಗೆ ಕೊಡಬೇಕೆಂದು ೧೯೭೦ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿತು. ಆ ಮಾತನ್ನು ನಡೆಸಿದ ದೇಶಗಳು ಬೆರಳೆಣಿಕೆಯವು. ೧೯೬೧ರಲ್ಲಿ ಹುಟ್ಟಿದ ಅಮೇರಿಕದ ನೆರವಿನ ಸಂಸ್ಥೆ ೨೦೨೫ರ ಜುಲೈಯಲ್ಲಿ ಬಾಗಿಲು ಹಾಕಿ ವಿದೇಶಾಂಗ ಇಲಾಖೆಯಲ್ಲಿ ಲೀನವಾಯಿತು. ಅದನ್ನೇ ನಂಬಿದ್ದ ಆಫ್ರಿಕದ ಎಷ್ಟೋ ಔಷಧಾಲಯಗಳು ತತ್ತರಿಸಿದವು. ಕೊಡುವವನ ಮನಸ್ಸು ಬದಲಾದರೆ ಪಡೆಯುವವನ ಗತಿಯೇನೆಂಬ ಪ್ರಶ್ನೆ ೧೯೬೬ರಲ್ಲಿ ಇದ್ದಂತೆಯೇ ಇಂದಿಗೂ ಇದೆ.

ಇನ್ನು ಮೊದಲು ಕೊಟ್ಟ ಮಾತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ನಾವು ಕೆಲವರು ಗೆಳೆಯರು ಸೇರಿ, ವರ್ಗಣಿ ಎತ್ತಿ, ನಮ್ಮ ಕಡೆಯ ಒಂದು ಹಳ್ಳಿಯ ಶಾಲೆಗೆ ಆರು ಕಂಪ್ಯೂಟರುಗಳನ್ನು ಕೊಟ್ಟೆವು. ಹಾರ ತುರಾಯಿಗಳಾದವು, ಭಾವಚಿತ್ರ ತೆಗೆಸಿಕೊಂಡೆವು. ಎರಡು ವರ್ಷ ಬಿಟ್ಟು ಊರಿಗೆ ಹೋದಾಗ ನೋಡಿದರೆ ಆ ಕೋಣೆಗೆ ಬೀಗ. ಒಳಗೆ ನಾವು ಹೊದಿಸಿದ ಬಟ್ಟೆಯ ಮೇಲೆ ಒಂದು ಬೆರಳು ಧೂಳು. ಹೆಡ್‌ಮಾಸ್ತರರು ಸಂಕೋಚದಿಂದಲೇ ಹೇಳಿದರು: ‘‘ಕರೆಂಟಿನ ಬಿಲ್ಲು ಕಟ್ಟೋದಕ್ಕೆ ನಮ್ಮಲ್ಲಿ ದುಡ್ಡಿಲ್ಲ ಸಾರ್, ಕಲಿಸುವವರೂ ಇಲ್ಲ. ನೀವು ಮೊದಲು ಕೇಳಿದ್ದರೆ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟಿಸಿಕೊಡಿ ಅಂತಿದ್ದೆವು. ಏಳನೇ ಇಯತ್ತೆ ದಾಟುತ್ತಲೇ ಶಾಲೆ ಬಿಡ್ತಾರೆ.’’

ನಮಗೆ ಉತ್ತರ ತೋಚಲಿಲ್ಲ. ತಪ್ಪು ಶಾಲೆಯದಲ್ಲ, ನಮ್ಮದು. ದಟ್ಟಿಯನ್ನು ನಾವೇ ನಮ್ಮ ಅಳತೆಗೆ ಕತ್ತರಿಸಿದ್ದೆವು; ಉಡುವವರ ಮೊಳ ಕೇಳಿರಲಿಲ್ಲ. ದೇಶ ದೇಶಗಳ ನೆರವಿನ ಚರಿತ್ರೆಯನ್ನು ಓದಲು ನಾವು ಕುಳಿತದ್ದು ಆ ದಿನದಿಂದ. ಓದಿದಂತೆಲ್ಲ ತಿಳಿದದ್ದು ಇಷ್ಟು: ಪಡೆಯುವವರಲ್ಲಿ ಕೇಳಿ ಕೊಟ್ಟದ್ದು, ಅವರ ಕೈಯಲ್ಲೇ ಬೆಳೆಯುವಂತೆ ಕೊಟ್ಟದ್ದು ಬಾಳಿತು, ಕೊಡುವವರ ಹೆಸರಿಗಾಗಿ, ಪಕ್ಷಕ್ಕಾಗಿ, ಉಳಿಕೆ ಸರಕಿಗಾಗಿ ಕೊಟ್ಟದ್ದು ಬಹುಮಟ್ಟಿಗೆ ಧೂಳು ಹಿಡಿಯಿತು.

ತಾಯ್ನಾಡನ್ನು ಬಿಟ್ಟು ಬಂದ ನಾವು ಪ್ರತಿ ನವೆಂಬರಿನಲ್ಲಿ ಊರಿಗೇನಾದರೂ ಮಾಡಬೇಕೆಂದು ಮಾತಾಡುತ್ತೇವೆ, ಮಾಡುತ್ತಲೂ ಬಂದಿದ್ದೇವೆ. ಆ ಒಳ್ಳೆಯ ಬುದ್ಧಿ ಕುಂದದಿರಲಿ. ಈ ಸಲ ವರ್ಗಣಿಯ ಪುಸ್ತಕ ತೆರೆಯುವ ಮುನ್ನ ಊರಿಗೊಂದು ಕಾಗದ ಬರೆದು, ನಿಮಗೆ ಬೇಕಾದುದೇನೆಂದು ಕೇಳೋಣ. ಆ ಶಾಲೆಗೆ ನಾವು ಬರೆದೆವು. ಶೌಚಾಲಯ ಕಳೆದ ವರ್ಷ ಮುಗಿದಿದೆ; ನೀರಿನ ಖರ್ಚನ್ನು ಊರಿನವರೇ ವಹಿಸಿಕೊಂಡಿದ್ದಾರೆ. ಭಾವಚಿತ್ರಕ್ಕೆ ಯಾರೂ ನಿಲ್ಲಲಿಲ್ಲ.